ಮಾತನಾಡದ ಅಕ್ಷರಗಳು

ಬೆಂಗಳೂರಿನ ದಕ್ಷಿಣ ಭಾಗದಲ್ಲಿ, ಕನಕಪುರ ರಸ್ತೆಗೆ ಸಮೀಪವಾಗಿ ವಸಂತಪುರವೆಂಬ ಊರಿದೆ. ವಸಂತವಲ್ಲಭರಾಯ ಸ್ವಾಮಿಯ ದೇವಾಲಯದಿಂದ ಹೆಸರಾದ ಈ ಊರು ಇಂದು ಮಹಾನಗರದ ಒಂದು ಬಡಾವಣೆಯಾಗಿದೆ. 2021ರ ಜನವರಿಯಲ್ಲಿ ‘ನಮ್ಮ ಮೆಟ್ರೋ’ ರೈಲಿನ ಹಸಿರು ಮಾರ್ಗವು ಯಲಚೇನಹಳ್ಳಿಯಿಂದ ರೇಷ್ಮೆ ಸಂಸ್ಥೆಯವರೆಗೆ ಮುಂದುವರಿಯಿತು. ಆಗ ದೊಡ್ಡಕಲ್ಲಸಂದ್ರ, ವಜರಹಳ್ಳಿ, ತಲಘಟ್ಟಪುರ ಮುಂತಾದ ನಿಲ್ದಾಣಗಳು ಈ ಭಾಗದ ಜನರಿಗೆ ದೊರೆತವು. ನಿಲ್ದಾಣಗಳ ಹೆಸರುಗಳನ್ನು ಕನ್ನಡದಲ್ಲಿಯೂ ಇಂಗ್ಲಿಷಿನಲ್ಲಿಯೂ ಬರೆದಿದ್ದಾರೆ. ಕನ್ನಡದ ಹೆಸರನ್ನು ಓದುವುದಕ್ಕೆ ಯಾರ ನೆರವೂ ಬೇಡ. ಒತ್ತಕ್ಷರ ಕಲಿತ ಪುಟ್ಟ ಬಾಲಕನೂ ತ-ಲ-ಘ-ಟ್ಟ-ಪು-ರ ಎಂದು ತಡವರಿಸದೆ ಓದಿಬಿಡುತ್ತಾನೆ.

ಇಂಗ್ಲಿಷ್ ಬರಹದ ಮಾತು ಬೇರೆ. ಅಲ್ಲಿ ‘ತ’ ಎಂಬ ಒಂದು ಧ್ವನಿಗೆ ಟಿ, ಎಚ್ ಎಂಬ ಎರಡು ಅಕ್ಷರಗಳು ನಿಂತಿವೆ. ‘ಘ’ ಎಂಬ ಧ್ವನಿಗೆ ಜಿ, ಎಚ್ ಎಂಬ ಎರಡು. ‘ಟ್ಟ’ ಎಂಬುದಕ್ಕೆ ಜೋಡಿ ಟಿ. ವಸಂತಪುರದ ‘ತ’ಕಾರಕ್ಕೂ ನಾವು ಸಾಮಾನ್ಯವಾಗಿ ಟಿ, ಎಚ್ ಎಂದೇ ಬರೆಯುತ್ತೇವೆ. ಇದು ದಕ್ಷಿಣ ಭಾರತದವರ ರೂಢಿ. ಉತ್ತರದವರು ಗೀತಾ, ಲತಾ ಎಂಬ ಹೆಸರುಗಳನ್ನು ಟಿ ಒಂದರಿಂದಲೇ ಬರೆದು ಮುಗಿಸುತ್ತಾರೆ. ನಮಗೆ ಬರಿಯ ಟಿ ಎಂದರೆ ‘ಟ’. ಆದುದರಿಂದ ಎಚ್ ಅಕ್ಷರವನ್ನು ಪಕ್ಕದಲ್ಲಿ ನಿಲ್ಲಿಸದೆ ನಮ್ಮ ಮನಸ್ಸಿಗೆ ಸಮಾಧಾನವಾಗುವುದಿಲ್ಲ.

ತಲಘಟ್ಟಪುರದ ಹೆಸರಿನಲ್ಲಿ ಜಿ ಮತ್ತು ಎಚ್ ಒಟ್ಟಿಗೆ ನಿಂತು ನಿಯತ್ತಿನಿಂದ ‘ಘ’ ಎಂದು ನುಡಿಯುತ್ತವೆ. ಆದರೆ ಇದೇ ಜೋಡಿ ಇಂಗ್ಲಿಷಿನ ಸ್ವಂತ ಶಬ್ದಗಳಲ್ಲಿ ಸೇರಿದಾಗ ಅದರ ನಡತೆಯೇ ಬದಲಾಗುತ್ತದೆ. ಅದರಲ್ಲಿಯೂ ಅದರ ಹಿಂದೆ ಓ, ಯು ಎಂಬ ಎರಡು ಸ್ವರಾಕ್ಷರಗಳು ಬಂದು, ಓ-ಯು-ಜಿ-ಎಚ್ ಎಂಬ ನಾಲ್ಕು ಅಕ್ಷರಗಳ ಗುಂಪಾದರೆ, ಓದುವವನ ಪಾಡು ಹೇಳತೀರದು.

ಈ ನಾಲ್ಕು ಅಕ್ಷರಗಳನ್ನು ಮಾತ್ರ ಹಿಡಿದುಕೊಂಡು ನಿಘಂಟಿನಲ್ಲಿ ಒಂದು ಸುತ್ತು ಬರೋಣ. ಇವುಗಳ ಮುಂದೆ ಟಿ ಇಟ್ಟರೆ ‘ಟಫ್’, ಅರ್ಥ ಗಟ್ಟಿ. ಆರ್ ಇಟ್ಟರೆ ‘ರಫ್’, ಒರಟು. ಇಷ್ಟಾದ ಮೇಲೆ ಸಿ ಇಟ್ಟರೆ ‘ಕಫ್’ ಆಗಬೇಕೆಂದು ನಾವು ಎಣಿಸುತ್ತೇವೆ. ಆದರೆ ಅದು ‘ಕಾಫ್’, ಕೆಮ್ಮು. ಡಿ ಇಟ್ಟಾಗ ಕೊನೆಯ ‘ಫ್’ ಧ್ವನಿ ಹಾರಿಹೋಗಿ ‘ಡೋ’ ಎಂದಾಗುತ್ತದೆ. ಕಲಸಿದ ಹಿಟ್ಟು, ಕಣಕ. ಬಿ ಇಟ್ಟರೆ ‘ಬೌ’, ಮರದ ಕೊಂಬೆ. ಟಿ-ಎಚ್ ಇಟ್ಟರೆ ‘ದೋ’, ಆದರೂ ಎಂಬ ಅರ್ಥ. ಆ ಟಿ-ಎಚ್‌ಗಳ ಪಕ್ಕದಲ್ಲಿ ಒಂದು ಆರ್ ನುಸುಳಿದರೆ ‘ಥ್ರೂ’, ಮೂಲಕ ಎಂಬ ಅರ್ಥ. ಕೊನೆಯಲ್ಲಿ ಟಿ ಸೇರಿ ‘ಥಾಟ್’ ಎಂದಾದರೆ ಆಲೋಚನೆ. ‘ಡ್ರೌಟ್’ ಎಂದಾದರೆ ಬರಗಾಲ. ಇವೆಲ್ಲ ಒಂದೇ ತಾಯಿಯ ಮಕ್ಕಳಂತೆ ಕಾಣುವ ಶಬ್ದಗಳು. ಆದರೆ ಒಬ್ಬರ ದನಿ ಇನ್ನೊಬ್ಬರಿಗಿಲ್ಲ.

ಕನ್ನಡದಲ್ಲಿ ಓದಿ ಬೆಳೆದ ವಿದ್ಯಾರ್ಥಿಗೆ ಇದು ಕೇವಲ ವಿನೋದದ ವಿಷಯವಲ್ಲ. ಬರೆದುದನ್ನು ಬರೆದಂತೆ ಉಚ್ಚರಿಸಬೇಕೆಂದು ಅವನ ಲಿಪಿ ಅವನಿಗೆ ಕಲಿಸಿದೆ. ಅವನು ಅದೇ ವಿಶ್ವಾಸದಿಂದ ‘ಇನಫ್’ ಎಂಬುದನ್ನು ‘ಎನೌಘ್’ ಎಂದು ಓದಿದರೆ ತರಗತಿಯಲ್ಲಿ ನಗೆಯೇಳುತ್ತದೆ. ಅಂದಿನಿಂದ ಅವನು ಗಟ್ಟಿಯಾಗಿ ಓದಲು ಹಿಂಜರಿಯುತ್ತಾನೆ. ಇಂಗ್ಲಿಷ್ ತನ್ನ ಬುದ್ಧಿಗೆ ಎಟುಕದ ವಿಷಯವೆಂದು ತೀರ್ಮಾನಿಸಿಬಿಡುತ್ತಾನೆ. ವಾಸ್ತವವಾಗಿ ಅವನ ತರ್ಕದಲ್ಲಿ ದೋಷವಿಲ್ಲ. ನಾಲ್ಕೈದು ನೂರು ವರ್ಷಗಳ ಹಿಂದಿನ ಒಬ್ಬ ಇಂಗ್ಲಿಷರವನು ಆ ತರಗತಿಯಲ್ಲಿ ಕುಳಿತಿದ್ದರೆ ಇವನ ಉಚ್ಚಾರವನ್ನು ಕೇಳಿ ನಗುತ್ತಿರಲಿಲ್ಲ. ಏಕೆಂದರೆ ಆಗ ಈ ಜಿ-ಎಚ್ ಅಕ್ಷರಗಳು ಮೂಕವಾಗಿರಲಿಲ್ಲ.

ಪ್ರಾಚೀನ ಇಂಗ್ಲಿಷಿನಲ್ಲಿ ಒಂದು ಧ್ವನಿಯಿತ್ತು. ನಾಲಗೆಯ ಬುಡವನ್ನು ಮೇಲೆತ್ತಿ, ಉಸಿರನ್ನು ಉಜ್ಜಿ ಹೊರಡಿಸಿದರೆ ಹುಟ್ಟುವ, ‘ಖ’ ಮತ್ತು ‘ಹ’ಗಳ ನಡುವಣ ಧ್ವನಿ ಅದು. ಹೊಸತೆಂದು ನಾವು ಬೆರಗಾಗಬೇಕಾಗಿಲ್ಲ. ನಮ್ಮ ವ್ಯಾಕರಣಗಳಲ್ಲಿ ಯೋಗವಾಹಗಳನ್ನು ಹೇಳುವಾಗ ಅನುಸ್ವಾರ ವಿಸರ್ಗಗಳ ಜೊತೆಗೆ ಜಿಹ್ವಾಮೂಲೀಯ, ಉಪಧ್ಮಾನೀಯ ಎಂಬ ಎರಡನ್ನು ಹೇಳುವುದುಂಟು. ‘ಅಂತಃಕರಣ’ ಎಂಬಲ್ಲಿ ಕಕಾರದ ಹಿಂದಿರುವ ವಿಸರ್ಗವನ್ನು ಶಾಸ್ತ್ರೋಕ್ತವಾಗಿ ಉಚ್ಚರಿಸಿದರೆ ಅದು ಜಿಹ್ವಾಮೂಲೀಯ. ಇಂಗ್ಲಿಷಿನ ಆ ಹಳೆಯ ಧ್ವನಿ ಹೆಚ್ಚುಕಡಮೆ ಇದೇ.

ಮೊದಲಲ್ಲಿ ಇಂಗ್ಲಿಷರು ಈ ಧ್ವನಿಯನ್ನು ಎಚ್ ಒಂದರಿಂದಲೇ ಬರೆಯುತ್ತಿದ್ದರು. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಬರವಣಿಗೆಯ ಕೆಲಸ ಕ್ರಮೇಣ ಫ್ರೆಂಚ್ ಪದ್ಧತಿಯಲ್ಲಿ ಪಳಗಿದ ಲಿಪಿಕಾರರ ಕೈಸೇರಿತು. ಅವರು ಬಳಕೆಗೆ ತಂದ ರೂಪವೇ ಜಿ-ಎಚ್. 1476ರಲ್ಲಿ ವಿಲಿಯಂ ಕ್ಯಾಕ್ಸ್‌ಟನ್ ವೆಸ್ಟ್‌ಮಿನ್‌ಸ್ಟರಿನಲ್ಲಿ ಇಂಗ್ಲೆಂಡಿನ ಮೊದಲ ಮುದ್ರಣಾಲಯವನ್ನು ಸ್ಥಾಪಿಸಿದನು. ಅಂದಿನಿಂದ ಬರಹವು ಅಚ್ಚಿನ ಮೊಳೆಗಳಲ್ಲಿ ಬಿಗಿಯಾಗುತ್ತ ಹೋಯಿತು. ಆದರೆ ಮಾತನ್ನು ಬಿಗಿಯುವ ಮೊಳೆ ಇನ್ನೂ ಹುಟ್ಟಿಲ್ಲ. ಅದೇ ಶತಮಾನಗಳಲ್ಲಿ ಇಂಗ್ಲಿಷಿನ ದೀರ್ಘಸ್ವರಗಳೆಲ್ಲ ತಮ್ಮ ಸ್ಥಾನಗಳನ್ನು ಬದಲಾಯಿಸಿದವು. ಈ ಗಂಟಲಿನ ಧ್ವನಿಯೂ ಸವೆಯಿತು. ಕೆಲವು ಪ್ರಾಂತ್ಯಗಳ ಬಾಯಲ್ಲಿ ಅದು ಪೂರ್ತಿ ಮಾಯವಾಯಿತು. ಇನ್ನು ಕೆಲವರ ಬಾಯಲ್ಲಿ ತುಟಿಗಳಿಗೆ ಸರಿದು ‘ಫ್’ ಆಯಿತು. ಗಂಟಲಿನಿಂದ ತುಟಿಗೆ ಇಷ್ಟು ದೂರದ ಜಿಗಿತ ಹೇಗೆಂದು ಕೇಳಬಹುದು. ಓ, ಯು ಎಂಬ ಸ್ವರಗಳನ್ನು ಹೇಳುವಾಗ ತುಟಿಗಳು ಗುಂಡಗಾಗುತ್ತವೆ. ಹಿಂದಿನಿಂದ ಬಂದ ಉಸಿರು ಅಲ್ಲಿಯೇ ಉಜ್ಜಲ್ಪಟ್ಟರೆ ‘ಫ್’ ಎಂದೇ ಕೇಳಿಸುತ್ತದೆ. ಪಕಾರದ ಹಿಂದೆ ಬರುವ ವಿಸರ್ಗವನ್ನು, ಎಂದರೆ ‘ಅಂತಃಪುರ’ದಲ್ಲಿರುವ ವಿಸರ್ಗವನ್ನು, ನಮ್ಮ ವೈಯಾಕರಣರು ಉಪಧ್ಮಾನೀಯವೆಂದು ಕರೆದು ಜಿಹ್ವಾಮೂಲೀಯದ ಪಕ್ಕದಲ್ಲಿ ಕೂರಿಸಿರುವುದು ಇಂಥ ಬಾಂಧವ್ಯವನ್ನು ಅರಿತೇ. ನಾಡಿನ ನಾನಾ ಮೂಲೆಗಳ ಉಚ್ಚಾರಗಳು ಲಂಡನ್ ನಗರದಲ್ಲಿ ಕಲೆತು, ಒಂದು ಶಬ್ದಕ್ಕೆ ಒಂದು, ಇನ್ನೊಂದಕ್ಕೆ ಇನ್ನೊಂದು ಎಂಬಂತೆ ನೆಲೆನಿಂತವು. ಕಣಕವೆಂಬ ಅರ್ಥದ ‘ಡೋ’ ಶಬ್ದವೇ ಉತ್ತರ ಇಂಗ್ಲೆಂಡಿನವರ ಬಾಯಲ್ಲಿ ‘ಡಫ್’ ಆಗಿ, ಒಂದು ಬಗೆಯ ಸಿಹಿ ಕಡುಬಿನ ಹೆಸರಾಗಿ ಉಳಿದುಕೊಂಡಿದೆ.

ಇಂಗ್ಲಿಷಿನ ಸೋದರಭಾಷೆಯಾದ ಜರ್ಮನ್ ಭಾಷೆಯಲ್ಲಿ ಆ ಹಳೆಯ ಧ್ವನಿ ಇಂದಿಗೂ ಜೀವಂತವಾಗಿದೆ. ಇರುಳಿಗೆ ಇಂಗ್ಲಿಷರು ‘ನೈಟ್’ ಎಂದರೆ ಜರ್ಮನರು ‘ನಾಖ್ಟ್’ ಎನ್ನುತ್ತಾರೆ. ಎಂಟಕ್ಕೆ ಇವರದು ‘ಎಯ್ಟ್’, ಅವರದು ‘ಆಖ್ಟ್’. ಮಗಳಿಗೆ ಇವರದು ‘ಡಾಟರ್’, ಅವರದು ‘ಟೊಖ್ಟರ್’. ಈ ಮೂರೂ ಇಂಗ್ಲಿಷ್ ಶಬ್ದಗಳ ಬರಹದಲ್ಲಿ ಜಿ-ಎಚ್ ಉಂಟು. ಕನ್ನಡಕ್ಕೆ 1894ರಲ್ಲಿ ಮಹಾನಿಘಂಟನ್ನು ಕೊಟ್ಟ ಫರ್ಡಿನೆಂಡ್ ಕಿಟೆಲ್ ಅವರ ತಾಯಿನುಡಿ ಜರ್ಮನ್. ಇಂಗ್ಲಿಷರು ಮರೆತ ಧ್ವನಿ ಅವರ ನಾಲಗೆಯ ಮೇಲೆ ಸಹಜವಾಗಿಯೇ ಇದ್ದಿರಬೇಕು.

ಇನ್ನೂ ಹಿಂದಕ್ಕೆ ಹೋಗೋಣ. ಸಂಸ್ಕೃತ, ಗ್ರೀಕ್, ಲ್ಯಾಟಿನ್ ಭಾಷೆಗಳು ಒಂದೇ ಮೂಲದಿಂದ ಹೊರಟಿರಬೇಕೆಂದು ಸರ್ ವಿಲಿಯಂ ಜೋನ್ಸ್ 1786ರಲ್ಲಿ ಕಲ್ಕತ್ತೆಯ ಏಷಿಯಾಟಿಕ್ ಸೊಸೈಟಿಯಲ್ಲಿ ಹೇಳಿದನು. ಇಂಗ್ಲಿಷೂ ಆ ಕುಟುಂಬಕ್ಕೆ ಸೇರಿದುದು. ರಾಕ್ಷಸರನ್ನು ನಮ್ಮ ಕಾವ್ಯಗಳು ‘ನಕ್ತಂಚರ’ರೆಂದು ಕರೆಯುತ್ತವೆ, ಇರುಳಿನಲ್ಲಿ ಸಂಚರಿಸುವವರು ಎಂದರ್ಥ. ಆ ‘ನಕ್ತ’ದಲ್ಲಿರುವ ಕಕಾರವೇ ‘ನೈಟ್’ ಶಬ್ದದಲ್ಲಿ ಜಿ-ಎಚ್ ಆಗಿ ಮೌನವಾಗಿ ಕುಳಿತಿದೆ. ಮಗಳ ಮಗನಿಗೆ ‘ದೌಹಿತ್ರ’ನೆಂಬ ಹೆಸರುಂಟು, ಅದು ‘ದುಹಿತೃ’ ಎಂಬುದರಿಂದ ಬಂದುದು. ಅದರ ಹಕಾರದ ಜಾಗದಲ್ಲಿ ‘ಡಾಟರ್’ ಶಬ್ದದ ಜಿ-ಎಚ್ ಇದೆ. ‘ಅಷ್ಟ’ಕ್ಕೂ ‘ಎಯ್ಟ್’ಗೂ ಇರುವ ನಂಟು ಇಂಥದೇ. ಕನ್ನಡವು ದ್ರಾವಿಡ ಭಾಷೆ. ಆದರೂ ನಾವು ಬಳಸುವ ಈ ಸಂಸ್ಕೃತ ಶಬ್ದಗಳ ಮೂಲಕ ಇಂಗ್ಲಿಷಿನ ಒಂದು ಮೂಕಾಕ್ಷರದ ಪೂರ್ವಕಥೆಯನ್ನು ನಾವು ಇಂಗ್ಲಿಷರಿಗಿಂತ ಸುಲಭವಾಗಿ ಅರಿಯಬಲ್ಲೆವು. ಜಿ-ಎಚ್‌ಗಳನ್ನು ಕಿತ್ತುಹಾಕಿ ಕೇಳಿದಂತೆ ಬರೆದಿದ್ದರೆ ಈ ನಂಟಿನ ಗುರುತು ಬರಹದಲ್ಲಿ ಅಳಿಸಿಹೋಗುತ್ತಿತ್ತು.

ಹಾಗೆಂದು ಇಂಗ್ಲಿಷಿನ ಎಲ್ಲ ಮೂಕಾಕ್ಷರಗಳೂ ಪೂರ್ವಿಕರ ಆಸ್ತಿಯೆಂದು ಗೌರವಿಸಬೇಕಾಗಿಲ್ಲ. ಸಂತೋಷವೆಂಬ ಅರ್ಥದ ‘ಡಿಲೈಟ್’ ಫ್ರೆಂಚಿನಿಂದ ಬಂದ ಶಬ್ದ. ಅದರಲ್ಲಿ ಗಂಟಲಿನ ಧ್ವನಿ ಎಂದೂ ಇರಲಿಲ್ಲ. ಬೆಳಕಿನ ‘ಲೈಟ್’ ಶಬ್ದವನ್ನು ನೋಡಿ, ಅದರ ಅಂದಕ್ಕೆ ಮರುಳಾಗಿ, ಇದಕ್ಕೂ ಜಿ-ಎಚ್ ತೊಡಿಸಿದರು. ಬಿಕ್ಕಳಿಕೆಗೆ ‘ಹಿಕಪ್’ ಎಂಬ ಶಬ್ದವಿದೆ. ಬಿಕ್ಕಳಿಸುವ ಸದ್ದಿನ ಅನುಕರಣೆಯಷ್ಟೆ. ಯಾರೋ ಅದನ್ನು ಕೆಮ್ಮಿನ ನೆಂಟನೆಂದು ತಪ್ಪು ತಿಳಿದು ಅದರ ಬಾಲಕ್ಕೆ ‘ಕಾಫ್’ ಶಬ್ದದ ಅಕ್ಷರಗಳನ್ನೇ ಕಟ್ಟಿದರು. ಹಾಗೆ ಬರೆದರೂ ಓದುವುದು ‘ಹಿಕಪ್’ ಎಂದೇ. ಭೂತವೆಂಬ ಅರ್ಥದ ‘ಘೋಸ್ಟ್’ ಶಬ್ದದಲ್ಲಿರುವ ಎಚ್ ಕೂಡ ಹೊರಗಿನದು. ಕ್ಯಾಕ್ಸ್‌ಟನ್ ಬಹುಕಾಲ ಬ್ರೂಜ್ ನಗರದಲ್ಲಿದ್ದವನು; ಅಲ್ಲಿಯ ಫ್ಲೆಮಿಶ್ ಬರಹದ ಪ್ರಭಾವದಿಂದ ಇದು ಅಚ್ಚಿಗೆ ಬಂದಿತೆಂದು ವಿದ್ವಾಂಸರು ಹೇಳುತ್ತಾರೆ. ಭೂತಕ್ಕೆ ಮೆಟ್ಟಿಕೊಂಡ ಭೂತ ಎನ್ನಬಹುದು.

ಈ ತೊಡಕನ್ನು ಬಿಡಿಸಲು ಹಲವರು ಕೈಹಾಕಿದರು. ಅಮೆರಿಕದ ನೋವಾ ವೆಬ್‌ಸ್ಟರ್ 1828ರ ತನ್ನ ನಿಘಂಟಿನಲ್ಲಿ ನೇಗಿಲಿನ ‘ಪ್ಲೌ’ ಶಬ್ದದಿಂದ ಜಿ-ಎಚ್ ಅಕ್ಷರಗಳನ್ನು ತೆಗೆದುಹಾಕಿದ ರೂಪವನ್ನು ಎತ್ತಿಹಿಡಿದನು. ಅಮೆರಿಕನ್ನರು ಇಂದಿಗೂ ಹಾಗೆಯೇ ಬರೆಯುತ್ತಾರೆ. 1906ರ ಆಗಸ್ಟ್ ತಿಂಗಳಿನಲ್ಲಿ ಅಮೆರಿಕದ ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ ಇನ್ನೂ ದೊಡ್ಡ ಹೆಜ್ಜೆಯಿಟ್ಟನು. 300 ಶಬ್ದಗಳನ್ನು ಸರಳರೂಪದಲ್ಲಿ ಮುದ್ರಿಸಬೇಕೆಂದು ಸರ್ಕಾರಿ ಮುದ್ರಣಾಲಯಕ್ಕೆ ಆಜ್ಞೆ ಮಾಡಿದನು. ‘ದೋ’, ‘ಥ್ರೂ’ ಶಬ್ದಗಳ ಮೊಟಕಾದ ರೂಪಗಳು ಆ ಪಟ್ಟಿಯಲ್ಲಿದ್ದವು. ಪತ್ರಿಕೆಗಳು ಪರಿಹಾಸ್ಯ ಮಾಡಿದವು. ಅಮೆರಿಕದ ಸಂಸತ್ತು ಒಪ್ಪಲಿಲ್ಲ. ಡಿಸೆಂಬರಿನಲ್ಲಿ ಅಧ್ಯಕ್ಷನು ಆಜ್ಞೆಯನ್ನು ಹಿಂತೆಗೆದುಕೊಂಡನು. ನಾಟಕಕಾರ ಬರ್ನಾರ್ಡ್ ಷಾ ಹೊಸದೊಂದು ವರ್ಣಮಾಲೆಗಾಗಿ ತನ್ನ ಉಯಿಲಿನಲ್ಲಿ ಹಣ ಮೀಸಲಿಟ್ಟು 1950ರಲ್ಲಿ ತೀರಿಕೊಂಡನು. ಆ ಲಿಪಿ ರಚಿತವಾಗಿ 1962ರಲ್ಲಿ ಅವನದೇ ಒಂದು ನಾಟಕ ಅದರಲ್ಲಿ ಅಚ್ಚಾಯಿತು; ಆದರೆ ಲೋಕ ಅದನ್ನು ಬಳಕೆಗೆ ತೆಗೆದುಕೊಳ್ಳಲಿಲ್ಲ. ಕೋಟ್ಯಂತರ ಜನರು ಕಷ್ಟಪಟ್ಟು ಕಲಿತದ್ದನ್ನು ಒಂದು ಆಜ್ಞೆಯಿಂದ ಮರೆಯಿಸುವುದು ಅಧ್ಯಕ್ಷನಿಗೂ ಸಾಧ್ಯವಾಗಲಿಲ್ಲ.

ಇಷ್ಟನ್ನು ಓದಿ, ನಮ್ಮ ಕನ್ನಡದಲ್ಲಿ ಇಂಥ ತೊಂದರೆಯೇ ಇಲ್ಲವೆಂದು ನಾವು ಬೀಗುವುದುಂಟು. ಕನ್ನಡದಲ್ಲಿಯೂ ಧ್ವನಿಗಳು ಸತ್ತಿವೆ. ಹಳಗನ್ನಡದಲ್ಲಿ ‘ೞ’ ಎಂಬ ಅಕ್ಷರವಿತ್ತು; ತಮಿಳು ಮಲಯಾಳಗಳಲ್ಲಿ ಆ ಧ್ವನಿ ಈಗಲೂ ಇದೆ. ನಮ್ಮ ಮಳೆ ಆಗ ‘ಮೞೆ’, ಏಳು ಎಂಬುದು ‘ಏೞು’, ಬಾಳೆ ‘ಬಾೞೆ’, ಕತ್ತೆ ‘ಕೞ್ತೆ’, ಗದ್ದೆ ‘ಗೞ್ದೆ’. ಹದಿಮೂರನೆಯ ಶತಮಾನದಲ್ಲಿ ಕೇಶಿರಾಜನು ‘ಶಬ್ದಮಣಿದರ್ಪಣ’ವನ್ನು ಬರೆಯುವ ವೇಳೆಗೆ ಜನರ ಬಾಯಲ್ಲಿ ಈ ಧ್ವನಿ ತಪ್ಪತೊಡಗಿತ್ತು. ಆದುದರಿಂದಲೇ ಆತನು ‘ಳ’ಕಾರದಲ್ಲಿ ರಳ, ಕುಳ, ಕ್ಷಳ ಎಂಬ ಭೇದಗಳನ್ನು ಬಿಡಿಸಿ ಹೇಳಬೇಕಾಯಿತು. ರಳ ಎಂಬುದೇ ಈ ‘ೞ’. ಬಾಯಿಗೆ ಬರುವ ಶಬ್ದಕ್ಕೆ ಪಟ್ಟಿಯೇಕೆ? ಇಂಗ್ಲಿಷ್ ಮಾಸ್ತರರು ಇಂದು ಜಿ-ಎಚ್ ಶಬ್ದಗಳನ್ನು ಕಪ್ಪುಹಲಗೆಯ ಮೇಲೆ ಗುಂಪುಗೂಡಿಸುವಂತೆಯೇ ಅಂದು ಆತನೂ ಮಾಡಿದನು. 1872ರಲ್ಲಿ ಕಿಟೆಲ್ ಅವರೇ ಆ ವ್ಯಾಕರಣವನ್ನು ಸಂಪಾದಿಸಿ ಮಂಗಳೂರಿನಲ್ಲಿ ಅಚ್ಚುಹಾಕಿಸಿದರು.

ಇಲ್ಲಿಂದ ಮುಂದೆ ಎರಡು ಭಾಷೆಗಳ ದಾರಿ ಬೇರೆಯಾಗುತ್ತದೆ. ಇಂಗ್ಲಿಷರು ಧ್ವನಿ ಸತ್ತರೂ ಅಕ್ಷರವನ್ನು ಇಟ್ಟುಕೊಂಡರು. ನಾವು ಧ್ವನಿಯ ಜೊತೆಗೆ ಅಕ್ಷರವನ್ನೂ ಕಳುಹಿಸಿಕೊಟ್ಟೆವು. ‘ಪಾಲ್’ ಬಾಯಲ್ಲಿ ‘ಹಾಲು’ ಆದೊಡನೆ ಬರಹದಲ್ಲಿಯೂ ಹಾಲಾಯಿತು. ಇದರ ಲಾಭ ದೊಡ್ಡದು: ಕನ್ನಡದ ಮಗು ಕೆಲವೇ ತಿಂಗಳುಗಳಲ್ಲಿ ಯಾವ ಪುಸ್ತಕವನ್ನಾದರೂ ಓದಬಲ್ಲದು. ಬೆಲೆಯೂ ಇದೆ. ಪಂಪನ ಒಂದು ಪದ್ಯವನ್ನು ಓದುವಾಗ ನೀವು ಪಡುವ ಕಷ್ಟವನ್ನು ನೆನೆಯಿರಿ. ಅದರಲ್ಲಿ ಅರ್ಧ ಕಷ್ಟ, ನಮ್ಮದೇ ಮನೆಯ ಮಾತು ಬೇರೆ ಉಡುಪಿನಲ್ಲಿ ಬಂದಾಗ ಗುರುತು ಸಿಕ್ಕದಿರುವುದೇ ಆಗಿದೆ. ‘ಪೊೞ್ತು’ ನಮ್ಮ ‘ಹೊತ್ತು’ ಎಂದು ತಿಳಿದ ಕ್ಷಣದಲ್ಲಿ ಸಾಲು ಬೆಳಗುತ್ತದೆ. ಇಂಗ್ಲಿಷರ ಮಕ್ಕಳು ಕಷ್ಟವನ್ನು ಮೊದಲನೆಯ ತರಗತಿಯಲ್ಲಿ ಪಡುತ್ತಾರೆ, ನಮ್ಮ ಮಕ್ಕಳು ಪ್ರೌಢಶಾಲೆಯಲ್ಲಿ. ಎರಡರಲ್ಲಿ ನಮ್ಮ ವ್ಯವಸ್ಥೆಯೇ ಮೇಲೆಂದು ನನಗೆ ತೋರುತ್ತದೆ. ಓದು ಕಲಿಯುವ ಬಾಗಿಲಲ್ಲಿಯೇ ಮಗುವನ್ನು ಎಡವಿಸಬಾರದು. ಆದರೆ ಬೆಲೆ ಕೊಡದೆ ಪಡೆದ ಸೌಕರ್ಯ ಅದಲ್ಲ.

ನಾವೂ ಎಲ್ಲ ಹಳೆಯ ಅಕ್ಷರಗಳನ್ನು ಬಿಟ್ಟಿಲ್ಲ. ‘ಋಷಿ’ ಎಂದು ಬರೆದು ‘ರುಷಿ’ ಎನ್ನುತ್ತೇವೆ. ‘ಜ್ಞಾನ’ ಎಂದು ಬರೆದು ‘ಗ್ನಾನ’ ಎನ್ನುತ್ತೇವೆ. ಮಹಾಪ್ರಾಣಗಳು ಆಡುಮಾತಿನಲ್ಲಿ ಅನೇಕರ ಬಾಯಿಗೆ ಬರುವುದಿಲ್ಲ. ಭಾಷಾವಿಜ್ಞಾನಿ ಡಿ. ಎನ್. ಶಂಕರ ಭಟ್ಟರು ಕನ್ನಡದ ಬರಹದಲ್ಲಿ ಮಹಾಪ್ರಾಣಗಳು ಬೇಡವೆಂದು ವಾದಿಸಿ, ತಮ್ಮ ಹೆಸರನ್ನೇ ‘ಬಟ್’ ಎಂದು ಬರೆದುಕೊಂಡರು. ಒಪ್ಪಿದವರೂ ಇದ್ದಾರೆ, ಕೆರಳಿದವರೂ ಇದ್ದಾರೆ. ರೂಸ್‌ವೆಲ್ಟನ ಕಾಲದ ಜಗಳ ನಮ್ಮ ಜಗಲಿಗೂ ಬಂದಿದೆ. ರೋಮನ್ ಅಕ್ಷರಗಳಲ್ಲಂತೂ ನಮ್ಮ ಹೆಸರುಗಳು ಪೂರ್ತಿ ಮೂಡುವುದೇ ಇಲ್ಲ. 2014ರ ನವೆಂಬರ್ 1ರಂದು ‘ಬ್ಯಾಂಗಲೋರ್’ ಹೋಗಿ ಇಂಗ್ಲಿಷಿನಲ್ಲಿಯೂ ‘ಬೆಂಗಳೂರು’ ಎಂದಾಯಿತು. ರಾಜ್ಯದ ಇನ್ನೂ 11 ನಗರಗಳ ಹೆಸರುಗಳು ಹೀಗೆ ಬದಲಾದವು. ಆದರೂ ಆ ಬರಹದಲ್ಲಿ ‘ಳ’ಕ್ಕೂ ‘ಲ’ಕ್ಕೂ ಒಂದೇ ಅಕ್ಷರ, ‘ಊ’ಕಾರಕ್ಕೂ ‘ಉ’ಕಾರಕ್ಕೂ ಒಂದೇ. ಕನ್ನಡ ಬಲ್ಲವನು ಮಾತ್ರ ಅದನ್ನು ಸರಿಯಾಗಿ ಓದಬಲ್ಲ.

ಇನ್ನು ವಿದ್ಯಾರ್ಥಿಗಳಿಗೆ ಬೇಕಾದ ಮಾತು: ಈ ಜೋಡಿಯನ್ನು ಪಳಗಿಸುವುದು ಹೇಗೆ? ಅದು ತೋರುವಷ್ಟು ಕಾಡುಪ್ರಾಣಿಯಲ್ಲ. ಅದು ಶಬ್ದದಲ್ಲಿ ಎಲ್ಲಿ ನಿಂತಿದೆಯೆಂಬುದನ್ನು ನೋಡಬೇಕು. ಐ ಅಕ್ಷರದ ಬೆನ್ನಿಗೆ ಬಂದರೆ ಅದು ಮೂಕ; ‘ನೈಟ್’, ‘ಹೈ’, ‘ಎಯ್ಟ್’, ‘ಸ್ಟ್ರೇಟ್’ ಯಾವುದರಲ್ಲಿಯೂ ದನಿಯೆತ್ತುವುದಿಲ್ಲ. ಮುಂದೆ ಟಿ ಇದ್ದರೂ ಸಾಮಾನ್ಯವಾಗಿ ಮೂಕ. ‘ಥಾಟ್’, ‘ಡಾಟರ್’ಗಳನ್ನು ನೋಡಿ. ನಗುವೆಂಬ ಅರ್ಥದ ‘ಲಾಫ್ಟರ್’ ಇದಕ್ಕೆ ಹೊರತು. ಮಗಳಿಗೂ ನಗುವಿಗೂ ಮೊದಲಿನ ಒಂದೇ ಅಕ್ಷರದ ವ್ಯತ್ಯಾಸ, ಉಚ್ಚಾರದಲ್ಲಿ ಮಾತ್ರ ಅಜಗಜಾಂತರ. ನಗುವಿನ ಮೂಲಶಬ್ದ ‘ಲಾಫ್’ ಆದುದರಿಂದ ಅದು ತಾಯಿಯ ದನಿಯನ್ನು ಬಿಟ್ಟಿಲ್ಲ. ಶಬ್ದದ ಕೊನೆಯಲ್ಲಿ ‘ಫ್’ ಎನ್ನುವವು ನಿತ್ಯ ಬಳಕೆಯಲ್ಲಿ ಆರೇ: ‘ಟಫ್’, ‘ರಫ್’, ‘ಇನಫ್’, ‘ಕಾಫ್’, ‘ಲಾಫ್’, ತೊಟ್ಟಿ ಎಂಬ ಅರ್ಥದ ‘ಟ್ರಾಫ್’. ಈ ಆರನ್ನು ಕಂಠಪಾಠ ಮಾಡಿದವನು ಉಳಿದೆಡೆ ಧೈರ್ಯವಾಗಿ ಜಿ-ಎಚ್‌ಗಳನ್ನು ನುಂಗಬಹುದು; ಸ್ವರವೊಂದನ್ನು ಮಾತ್ರ ಕಿವಿಗೊಟ್ಟು ಕಲಿಯಬೇಕು. ಪುಸ್ತಕದ ಅಂಚಿನಲ್ಲಿ ಕನ್ನಡ ಅಕ್ಷರಗಳಿಂದ ಉಚ್ಚಾರವನ್ನು ಗುರುತು ಹಾಕಿಕೊಳ್ಳುವುದನ್ನು ಕೆಲವರು ಅವಮಾನವೆಂದು ತಿಳಿಯುತ್ತಾರೆ. ಇಂಗ್ಲಿಷರ ನಿಘಂಟುಗಳೂ ಉಚ್ಚಾರ ತೋರಿಸಲು ಬೇರೆ ಸಂಕೇತಗಳ ಮೊರೆಹೋಗುತ್ತವೆ. ನಮ್ಮ ಕೈಯಲ್ಲಿ ಅದಕ್ಕಾಗಿ ಒಂದು ಇಡೀ ಲಿಪಿಯೇ ಇದೆ.

ಶಬ್ದದ ಮೊದಲಲ್ಲಿ ಜಿ-ಎಚ್ ಬಂದರೆ ಇಂಗ್ಲಿಷರು ಅದನ್ನು ‘ಗ’ ಎಂದಲ್ಲದೆ ಬೇರೆ ರೀತಿಯಲ್ಲಿ ನುಡಿಯುವುದಿಲ್ಲ. ‘ಇನಫ್’ನ ಜಿ-ಎಚ್ ತಂದು ಮೊದಲಿಗಿಟ್ಟು, ಜಿ-ಎಚ್-ಓ-ಟಿ-ಐ ಎಂದು ಬರೆದು ‘ಫಿಶ್’ ಎಂದು ಓದಬಹುದೆಂಬ ಹಾಸ್ಯವೊಂದು ಬರ್ನಾರ್ಡ್ ಷಾನ ಹೆಸರಿನಲ್ಲಿ ಪ್ರಚಾರದಲ್ಲಿದೆ. ಅದು ಷಾ ಹುಟ್ಟುವುದಕ್ಕೆ ಮೊದಲೇ, 1855ರ ಒಂದು ಪತ್ರದಲ್ಲಿ ಕಾಣಸಿಗುತ್ತದೆ. ಹಾಸ್ಯ ಚೆನ್ನಾಗಿದೆ, ಆದರೆ ಮೊದಲಲ್ಲಿ ನಿಂತ ಜಿ-ಎಚ್ ಎಂದೂ ‘ಫ್’ ಆಗಲಾರದು. ಹೀಗೆ ಮೊದಲಲ್ಲಿ ನಿಂತ ಕೆಲವೇ ಶಬ್ದಗಳಲ್ಲಿ ಎರಡು ಭಾರತದಿಂದಲೇ ಹೋದವು. ಒಂದು ತುಪ್ಪವೆಂಬ ಅರ್ಥದ ‘ಘೀ’. ಇನ್ನೊಂದು ನಮ್ಮ ಪಶ್ಚಿಮ ಘಟ್ಟಗಳ ‘ಘಾಟ್’. ಇಂಗ್ಲಿಷ್ ನಿಘಂಟಿನಲ್ಲಿ ಇವು ‘ಘೋಸ್ಟ್’ನ ನೆರೆಯಲ್ಲಿಯೇ ಅಚ್ಚಾಗಿವೆ, ಆ ಎಚ್ ಅಕ್ಷರವನ್ನು ಅಲ್ಲಿಯವರು ನುಡಿಯುವುದಿಲ್ಲ, ನಾವು ನುಡಿಯುತ್ತೇವೆ.

ಅಭ್ಯಾಸ

1. ‘ನಕ್ತಂಚರ’, ‘ದೌಹಿತ್ರ’ ಎಂಬ ಶಬ್ದಗಳಿಂದ ಇಂಗ್ಲಿಷಿನ ಮೂಕಾಕ್ಷರಗಳ ವಿಷಯವಾಗಿ ಏನು ತಿಳಿದುಬರುತ್ತದೆ?
2. ಧ್ವನಿಯೊಂದು ಮರೆಯಾದಾಗ ಇಂಗ್ಲಿಷರು ಮಾಡಿದುದಕ್ಕೂ ಕನ್ನಡಿಗರು ಮಾಡಿದುದಕ್ಕೂ ಇರುವ ವ್ಯತ್ಯಾಸವೇನು? ಯಾವುದು ಮೇಲೆಂದು ನಿಮಗೆ ತೋರುತ್ತದೆ? ಕಾರಣ ಕೊಡಿ.
3. ನಿಮ್ಮ ಹಳೆಗನ್ನಡ ಪದ್ಯಪಾಠದಿಂದ ‘ಪ’ಕಾರವು ‘ಹ’ಕಾರವಾಗಿರುವ ಐದು ಶಬ್ದಗಳನ್ನು ಆರಿಸಿ ಬರೆಯಿರಿ.
4. ನಿಮ್ಮ ಊರಿನ ಹೆಸರನ್ನು ಇಂಗ್ಲಿಷಿನಲ್ಲಿ ಬರೆದಾಗ ಕನ್ನಡದ ಯಾವ ಧ್ವನಿಗಳು ಸರಿಯಾಗಿ ಮೂಡುವುದಿಲ್ಲ? ಪರಿಶೀಲಿಸಿ.